ಬೆಳಿಗ್ಗೆ ಗಿರಾಕಿ, ಸಂಜೆ ದೂರುದಾರ

ಕನ್ನಡ ಪತ್ರಿಕೆಗಳಲ್ಲಿ ‘ಒತ್ತುವರಿ’ ಎಂಬ ಪದಕ್ಕೆ ಬಿಡುವೇ ಇಲ್ಲ. ಕೆರೆ ಒತ್ತುವರಿ, ಗೋಮಾಳ ಒತ್ತುವರಿ, ರಾಜಕಾಲುವೆ ಒತ್ತುವರಿ. ಈ ಸುದ್ದಿಗಳ ಹಿಂದೆ ಇರುವವರು ಬೇಲಿ ಸರಿಸಿದವರು, ದಾಖಲೆ ತಿದ್ದಿದವರು, ಕೆರೆಯಂಗಳದಲ್ಲಿ ಬಡಾವಣೆ ಎಬ್ಬಿಸಿ ಮಾರಿ ಹಣ ಎಣಿಸಿದವರು. ಅದೇ ಪದ ಮರುದಿನ ‘ಫುಟ್‌ಪಾತ್ ಒತ್ತುವರಿ ತೆರವು’ ಎಂಬ ತಲೆಬರಹವಾಗಿ, ಗೋಣಿಚೀಲ ಹಾಸಿ ಹತ್ತಾರು ಕಟ್ಟು ದಂಟಿನ ಸೊಪ್ಪು ಇಟ್ಟುಕೊಂಡು ಕೂತ ಹೆಂಗಸಿನ ಮೇಲೆ ಬೀಳುತ್ತದೆ. ಎಕರೆಗಟ್ಟಲೆ ನುಂಗಿ ಕಾಂಪೌಂಡ್ ಕಟ್ಟಿದವನಿಗೂ, ಕತ್ತಲಾದ ಮೇಲೆ ಗೋಣಿ ಮಡಚಿಕೊಂಡು ಎದ್ದುಹೋಗುವವಳಿಗೂ ಒಂದೇ ಹೆಸರು. ಮರಾಠಿ, ಹಿಂದಿಯ ‘ಅತಿಕ್ರಮಣ’ವೂ ಇದೇ ಕೆಲಸ ಮಾಡುತ್ತದೆ.

ಈ ಪದದಿಂದ ಇನ್ನೊಂದು ಅನುಕೂಲವೂ ಇದೆ. ಅದು ಕೊಳ್ಳುವವರನ್ನು ಮರೆಮಾಡುತ್ತದೆ. ಜಾಗ ಒತ್ತಲು ಒಬ್ಬರು ಸಾಕು, ವ್ಯಾಪಾರಕ್ಕೆ ಮಾತ್ರ ಇಬ್ಬರು ಬೇಕು. ಯಾರೂ ಕೊಳ್ಳದ ಮೂಲೆಯಲ್ಲಿ ಯಾವ ತರಕಾರಿಯವಳೂ ಎರಡನೆಯ ದಿನ ಕೂರುವುದಿಲ್ಲ. ಸ್ಟೇಷನ್ನಿನಿಂದ ಮನೆಗೆ ಹೋಗುವ ದಾರಿಯಲ್ಲಿ, ಆಸ್ಪತ್ರೆಯ ಎದುರಿಗೆ, ದೇವಸ್ಥಾನದ ಬಾಗಿಲಿನಲ್ಲಿ, ಶಾಲೆ ಬಿಡುವ ಹೊತ್ತಿಗೆ ಗಾಡಿಗಳು ನಿಲ್ಲುತ್ತವೆಯೆಂದರೆ ಅಲ್ಲಿ ಗಿರಾಕಿಗಳು ದಿನವೂ ನಿಂತು ಕೊಂಡಿದ್ದಾರೆ ಎಂದರ್ಥ. ಆ ಜಾಗ ಗೊತ್ತುಮಾಡಿದವರು ಗಿರಾಕಿಗಳು. ಆದರೆ ಪಾಲಿಕೆಯ ಲಾರಿ ಬಂದು ತಕ್ಕಡಿ, ಬುಟ್ಟಿ ಎತ್ತಿ ಎಸೆಯುವಾಗ ತಪ್ಪಿತಸ್ಥರ ಜಾಗದಲ್ಲಿ ನಿಲ್ಲುವುದು ಒಬ್ಬರೇ.

ಹೊರನಾಡ ಕನ್ನಡಿಗರ ಅಡುಗೆಮನೆಯನ್ನು ಒಮ್ಮೆ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮುಂಬೈಯ ಮಾಟುಂಗದಲ್ಲಿ ಬಾಳೆಎಲೆ, ಕಟ್ಟಿದ ಮಲ್ಲಿಗೆ, ಕರಿಬೇವು ಸಿಗುವುದು ಬೀದಿಬದಿಯಲ್ಲಿ. ಯುಗಾದಿಯ ಹಿಂದಿನ ದಿನ ಬೇವಿನ ಚಿಗುರು, ಮಾವಿನ ತೋರಣ, ವರಮಹಾಲಕ್ಷ್ಮಿಗೆ ಬಾಳೆಕಂದು, ಗಣೇಶನಿಗೆ ಗರಿಕೆ ಬೇಕಾದರೆ ಹೋಗುವುದು ಹಾಸಿದ ಗೋಣಿಯ ಹತ್ತಿರವೇ ಹೊರತು ಮಾಲಿಗಲ್ಲ. ಚೆನ್ನೈಯಲ್ಲಿರುವವರಿಗೆ ಮೈಲಾಪುರದ ಮಾಡ ಬೀದಿಗಳು, ಸಿಕಂದರಾಬಾದಿನವರಿಗೆ ಮೋಂಡಾ ಮಾರ್ಕೆಟ್ಟಿನ ಸುತ್ತಿನ ಗಲ್ಲಿಗಳು ಹೀಗೆಯೇ. ಪರಊರಿನಲ್ಲಿ ಹಬ್ಬವನ್ನು ಹಬ್ಬವಾಗಿ ಉಳಿಸಿದ್ದರಲ್ಲಿ ಕನ್ನಡ ಸಂಘಗಳ ಪಾಲು ಎಷ್ಟೋ, ಬೀದಿಬದಿಯ ವ್ಯಾಪಾರಿಗಳ ಪಾಲೂ ಅಷ್ಟೇ. ಸಂಘದ ಸ್ಮರಣಸಂಚಿಕೆಯಲ್ಲಿ ಅವರ ಹೆಸರು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟಾಗಿಯೂ ಅದೇ ಮನೆಗಳಿಂದ ಅರ್ಜಿಗಳು ಹೋಗುತ್ತವೆ. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಗೇಟಿನ ಹೊರಗಿನ ಗಾಡಿಗಳ ವಿಷಯ ಬಂದರೆ ಚರ್ಚೆ ಐದು ನಿಮಿಷ ಮೀರುವುದಿಲ್ಲ. ಗಲೀಜು, ಗದ್ದಲ, ‘ಫ್ಲ್ಯಾಟಿನ ಬೆಲೆ ಬೀಳುತ್ತದೆ’, ‘ಎಲ್ಲಿಂದಲೋ ಬಂದವರು’. ಸಹಿ ಹಾಕುವ ಕೈಯೇ ಬೆಳಿಗ್ಗೆ ಅಲ್ಲಿ ಟೊಮೇಟೊ ಆರಿಸಿತ್ತು, ತೂಕವಾದ ಮೇಲೂ ಒಂದು ಹಸಿಮೆಣಸಿನಕಾಯಿ ಹೆಚ್ಚಿಗೆ ಕೇಳಿ ಪಡೆದಿತ್ತು. ಬೆಂಗಳೂರಿಗೆ ಹೋದಾಗ ಇವರೇ ಗಾಂಧಿ ಬಜಾರಿನ ಹೂವು, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆ, ಬಸವನಗುಡಿಯ ಕಡಲೆಕಾಯಿ ಪರಿಷೆಯ ಫೋಟೊ ತೆಗೆದು ‘ನಮ್ಮ ಸಂಸ್ಕೃತಿ’ ಎಂದು ಹಂಚುತ್ತಾರೆ. ಬಸವನಗುಡಿಯಲ್ಲಿ ಸಂಸ್ಕೃತಿ, ಮುಲುಂಡಿನಲ್ಲಿ ಒತ್ತುವರಿ!

ಕಾನೂನು ಈ ವಿಷಯದಲ್ಲಿ ಸೊಸೈಟಿಗಳಿಗಿಂತ ಬಹಳ ಮುಂದೆ ಹೋಗಿದೆ. 1989ರಲ್ಲೇ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಬೀದಿಬದಿಯ ವ್ಯಾಪಾರವೂ ಸಂವಿಧಾನ ಕೊಟ್ಟ ಉದ್ಯೋಗ ಸ್ವಾತಂತ್ರ್ಯದೊಳಗೇ ಬರುತ್ತದೆ, ಸೂಕ್ತ ನಿರ್ಬಂಧ ಹಾಕಬಹುದು ಎಂದು ಹೇಳಿತ್ತು. 25 ವರ್ಷಗಳ ನಂತರ ಸಂಸತ್ತು ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ವ್ಯಾಪಾರ ನಿಯಂತ್ರಣ ಕಾಯ್ದೆ ಮಾಡಿತು. ಅದು 2014ರ ಮೇ 1ರಿಂದ ಜಾರಿಯಲ್ಲಿದೆ. ಪ್ರತಿ ಊರಿನಲ್ಲಿ ಕನಿಷ್ಠ ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಲೇಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಸರಕು ವಶಪಡಿಸಿಕೊಂಡರೆ ಪಟ್ಟಿ ಮಾಡಿ ಕೊಡಬೇಕು. ಕೊಳೆಯುವ ಸರಕಾದರೆ ವ್ಯಾಪಾರಿ ಕೇಳಿದ ದಿನವೇ ಹಿಂತಿರುಗಿಸಬೇಕು. ಇವೆಲ್ಲ ಕಾಯ್ದೆಯ ಮಾತುಗಳು, ಯಾರ ಔದಾರ್ಯವೂ ಅಲ್ಲ.

ಆ ಕಾಯ್ದೆಯಲ್ಲಿ ‘ಸಹಜ ಮಾರುಕಟ್ಟೆ’ ಎಂಬ ಮಾತಿದೆ. ಮಾರುವವರು ಮತ್ತು ಕೊಳ್ಳುವವರು ರೂಢಿಯಿಂದ ಬಂದು ಸೇರುವ ಜಾಗ ಎಂಬುದು ಅದರ ವ್ಯಾಖ್ಯೆಯ ತಿರುಳು. ಸಮೀಕ್ಷೆ ಹಾಗೆಂದು ಗುರುತಿಸಿದ ಜಾಗವನ್ನು ವ್ಯಾಪಾರ ನಿಷೇಧಿತ ವಲಯ ಎಂದು ಘೋಷಿಸುವಂತಿಲ್ಲ. ‘ಒತ್ತುವರಿ’ ಎಂಬ ಪದ ಮರೆಮಾಡಿದ ಕೊಳ್ಳುವವರನ್ನು ಕಾಯ್ದೆ ಹೆಸರು ಹಿಡಿದೇ ಒಳಗೆ ಕರೆದಿದೆ. ಕಾಯ್ದೆ ಕರೆದರೂ ಅವರು ಬಂದಿಲ್ಲ.

ಹಾಗಾದರೆ ಹತ್ತು ವರ್ಷಗಳಲ್ಲಿ ನಡೆದದ್ದೇನು? ಮುಂಬೈಯ ಲೆಕ್ಕವನ್ನೇ ನೋಡಬಹುದು. ಇಲ್ಲಿನ ಪಾಲಿಕೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿದ್ದು 1970ರ ದಶಕದ ಕೊನೆಯಲ್ಲಿ. 2014ರ ಸಮೀಕ್ಷೆಯಲ್ಲಿ ಸುಮಾರು 99 ಸಾವಿರ ವ್ಯಾಪಾರಿಗಳು ಅರ್ಜಿ ತುಂಬಿಕೊಟ್ಟರು. ಪಟ್ಟಣ ವ್ಯಾಪಾರ ಸಮಿತಿಗೆ ವ್ಯಾಪಾರಿಗಳ ಪ್ರತಿನಿಧಿಗಳನ್ನು ಆರಿಸುವ ಚುನಾವಣೆ ನಡೆದದ್ದು ಹತ್ತು ವರ್ಷ ಕಳೆದು 2024ರ ಆಗಸ್ಟಿನಲ್ಲಿ. ಆಗ ಮತದಾರರ ಪಟ್ಟಿಯಲ್ಲಿ ಉಳಿದಿದ್ದವರು ಸುಮಾರು 32 ಸಾವಿರ. ಜನಸಂಖ್ಯೆಯ ಶೇಕಡಾ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಎಂಬುದು ಕಾಯ್ದೆಯ ಅಳತೆ. 2011ರ ಜನಗಣತಿಯ 1.24 ಕೋಟಿಗೆ ಈ ಅಳತೆ ಹಿಡಿದರೆ 3 ಲಕ್ಷ ದಾಟುತ್ತದೆ. ಮೂರು ಲಕ್ಷಕ್ಕೆ ಅವಕಾಶವಿರುವಲ್ಲಿ ಪಟ್ಟಿಯಲ್ಲಿ ಮೂವತ್ತೆರಡು ಸಾವಿರ! ಉಳಿದವರೆಲ್ಲ ‘ಅನಧಿಕೃತ’. ಪರವಾನಗಿ ಕೊಡುವುದನ್ನು ನಿಲ್ಲಿಸಿದವರೇ ಪರವಾನಗಿ ಎಲ್ಲಿ ಎಂದು ಕೇಳುತ್ತಾರೆ. ವ್ಯಾಪಾರಿ ಕಾನೂನು ಮುರಿದ ಎನ್ನುವ ಮೊದಲು, ಅವನು ಕಾನೂನಿನ ಒಳಗೆ ಬರುವ ಬಾಗಿಲನ್ನು ಮುಚ್ಚಿಟ್ಟವರು ಯಾರು ಎಂದು ಕೇಳಬೇಕು.

2020ರ ಜೂನ್ 1ರಂದು ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ಯೋಜನೆ ತಂದು, ಲಾಕ್‌ಡೌನಿನಲ್ಲಿ ಬಂಡವಾಳ ಕಳೆದುಕೊಂಡ ಬೀದಿ ವ್ಯಾಪಾರಿಗಳಿಗೆ ಜಾಮೀನಿಲ್ಲದೆ 10,000 ರೂಪಾಯಿಯ ತನಕ ಸಾಲ ಕೊಡಿಸತೊಡಗಿತು. ಬ್ಯಾಂಕಿನ ಕಡತದಲ್ಲಿ ವ್ಯಾಪಾರಿ ಎಂದು ನಮೂದಾದವರೇ ವಾರ್ಡಿನ ಲಾರಿ ಬಂದಾಗ ಒತ್ತುವರಿದಾರರು. ಸಾಲದ ಹಣದಲ್ಲಿ ತಂದ ಸರಕು ಲಾರಿಯಲ್ಲಿ ಹೋದರೂ ಕಂತು ತಪ್ಪುವುದಿಲ್ಲ.

ಇದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಒಂದಕ್ಕೆ ನಿಜವಾದ ತೂಕವಿದೆ: ಫುಟ್‌ಪಾತ್ ಇರುವುದು ನಡೆಯುವವರಿಗೆ. ಮುದುಕರು, ಗಾಲಿಕುರ್ಚಿಯವರು, ಮಗುವನ್ನು ಎತ್ತಿಕೊಂಡವರು ಗಾಡಿಗಳ ಕಾಟಕ್ಕೆ ರಸ್ತೆಗಿಳಿದು ಬಸ್ಸಿನ ಎದುರು ನಡೆಯಬೇಕಾದರೆ ಅದು ಅನ್ಯಾಯವೇ. ಕಾಯ್ದೆಯ ಹೆಸರಿನಲ್ಲೇ ‘ನಿಯಂತ್ರಣ’ ಎಂಬ ಪದ ಇರುವುದು ಅದಕ್ಕಾಗಿ. ಆದರೆ ಜಾಗದ ಮಾತು ಬಂದಮೇಲೆ ಅಳತೆಯ ಮಾತೂ ಬರಬೇಕು. ಮುಂಬೈಯ ವ್ಯಾಪಾರಿಗಳ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು ಒಬ್ಬ ವ್ಯಾಪಾರಿಗೆ ಗೊತ್ತುಮಾಡಿದ ಜಾಗ 1 ಮೀಟರ್ ಉದ್ದ, 1 ಮೀಟರ್ ಅಗಲ. ಒಂದು ಕಾರು ನಿಲ್ಲಿಸಲು ಸಾಮಾನ್ಯವಾಗಿ ಬಿಡುವ ಜಾಗ ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ. ಒಂದು ಕಾರಿನ ಜಾಗದಲ್ಲಿ ಹನ್ನೆರಡು ಜನರ ಅಂಗಡಿ. ರಾತ್ರಿಯಿಡೀ, ದಿನವಿಡೀ ರಸ್ತೆಯಲ್ಲಿ ನಿಂತ ಕಾರು ಯಾರ ಹೊಟ್ಟೆಯನ್ನೂ ಹೊರೆಯುವುದಿಲ್ಲ. ಅದನ್ನು ‘ಒತ್ತುವರಿ’ ಎಂದು ಯಾವ ಸೊಸೈಟಿಯೂ ಬರೆದುಕೊಡುವುದಿಲ್ಲ, ಅದಕ್ಕೆ ‘ಪಾರ್ಕಿಂಗ್’ ಎಂಬ ಮರ್ಯಾದೆಯ ಹೆಸರಿದೆ. ನಡೆಯುವವರ ಮೇಲಿನ ಕಾಳಜಿ ಕಾರಿನ ಹತ್ತಿರ ಬಂದಾಗ ಮಾಯವಾದರೆ, ಅದು ನಡೆಯುವವರ ಮೇಲಿನ ಕಾಳಜಿಯಲ್ಲ.

ಎರಡನೆಯ ಮಾತು: ಅಂಗಡಿಯವರು ಬಾಡಿಗೆ, ತೆರಿಗೆ ಕಟ್ಟುತ್ತಾರೆ, ಇವರಿಗೆ ಎಲ್ಲ ಪುಕ್ಕಟೆ. ಬೀದಿಯಲ್ಲಿ ಯಾವುದೂ ಪುಕ್ಕಟೆಯಲ್ಲ. ದಿನದ ಹಫ್ತಾ, ದಂಡ, ಎತ್ತಿಕೊಂಡು ಹೋದ ಸರಕಿನ ನಷ್ಟ ಇವೆಲ್ಲ ಸೇರಿದರೆ ಅದೂ ಒಂದು ಬಾಡಿಗೆಯೇ. ರಸೀದಿ ಮಾತ್ರ ಸಿಗುವುದಿಲ್ಲ. ಪ್ರಮಾಣಪತ್ರ ಕೊಟ್ಟು ಶುಲ್ಕ ವಸೂಲಿ ಮಾಡಲು ಕಾಯ್ದೆಯಲ್ಲೇ ದಾರಿಯಿದೆ. ಪತ್ರ ಕೊಡದಿದ್ದರೆ ಆ ಹಣ ಪಾಲಿಕೆಯ ಖಜಾನೆಗೆ ಹೋಗದೆ ಬೇರೆ ಜೇಬುಗಳಿಗೆ ಹೋಗುತ್ತದೆ. ವ್ಯಾಪಾರಿ ಕಾನೂನಿನ ಹೊರಗೆ ಉಳಿಯುವುದರಿಂದ ಲಾಭ ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಮೂರನೆಯದು, ಹತ್ತು ನಿಮಿಷದಲ್ಲಿ ಮನೆಗೇ ತಂದುಕೊಡುವ ಆ್ಯಪ್ ಇರುವಾಗ ಇವರು ಯಾಕೆ ಬೇಕು ಎಂಬುದು. ಆ ಆ್ಯಪ್‌ಗಳ ಗೋದಾಮಿನ ಮುಂದೆ ಫುಟ್‌ಪಾತಿನ ಮೇಲೆ ಸಾಲಾಗಿ ನಿಲ್ಲುವ ಬೈಕುಗಳನ್ನು ಒಮ್ಮೆ ಎಣಿಸಿ ನೋಡಬೇಕು. 2024ರಲ್ಲಿ ಇಂಥ ಒಂದು ಕಂಪನಿ ತರಕಾರಿಯ ಜೊತೆ ಕೊತ್ತಂಬರಿ ಸೊಪ್ಪು ಪುಕ್ಕಟೆ ಕೊಡತೊಡಗಿದ್ದು ದೊಡ್ಡ ಸುದ್ದಿಯಾಯಿತು. ತರಕಾರಿ ಗಾಡಿಯವರು ಕಾಲಕಾಲದಿಂದ ಕೊಡುತ್ತ ಬಂದದ್ದನ್ನು ಕಂಪನಿ ಕೊಟ್ಟಾಗ ಅದು ಹೊಸ ಯೋಚನೆ! ಆದರೆ ಆ ಆ್ಯಪ್ ತಿಂಗಳ ಕೊನೆಯಲ್ಲಿ ‘ಇರಲಿ, ಆಮೇಲೆ ಕೊಡಿ’ ಎನ್ನುವುದಿಲ್ಲ. ಹತ್ತು ರೂಪಾಯಿಗೆ ಕಾಲು ಕುಂಬಳಕಾಯಿ ಕತ್ತರಿಸಿ ಕೊಡುವುದಿಲ್ಲ. ದಿನಗೂಲಿಯವರ ಸಂಸಾರ ನಡೆಯುವುದು ಇಂಥ ಸಣ್ಣ ಅಳತೆಗಳಲ್ಲಿ. ಗಾಡಿ ಹೋದರೆ ಸೊಸೈಟಿಯ ಒಳಗಿನವರಿಗೆ ಆ್ಯಪ್ ಉಳಿಯುತ್ತದೆ, ಅವರ ಮನೆಯ ಕೆಲಸಕ್ಕೆ ಬರುವವರಿಗೆ ಏನೂ ಉಳಿಯುವುದಿಲ್ಲ.

ಕೊನೆಯದು, ‘ಎಲ್ಲಿಂದಲೋ ಬಂದವರು’ ಎಂಬ ಮಾತು. ಇದನ್ನು ಮುಂಬೈಯಲ್ಲಿ ಯಾರು ಆಡಿದರೂ ಕನ್ನಡಿಗರು ಆಡಬಾರದು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ಅದರ ಮೊದಲ ಗುರಿ ದಕ್ಷಿಣದವರೇ ಆಗಿದ್ದರು. ಉಡುಪಿ ಹೋಟೆಲುಗಳ ಗಾಜು ಒಡೆದಾಗಲೂ ಕೇಳಿಬಂದದ್ದು ಇದೇ ವಾಕ್ಯ. ಇವತ್ತು ಅದು ಉತ್ತರಪ್ರದೇಶ, ಬಿಹಾರದಿಂದ ಬಂದ ತಳ್ಳುಗಾಡಿಯವರ ಮೇಲೆ ತಿರುಗಿದೆ. ಒಂದು ಕಾಲಕ್ಕೆ ತಮ್ಮ ಹಿರಿಯರನ್ನು ನಡುಗಿಸಿದ ವಾಕ್ಯವನ್ನು ಮೊಮ್ಮಕ್ಕಳು ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಬರೆದು ಕಳಿಸುವುದು ಮರೆವಲ್ಲ, ಸಲ್ಲದ ನಡತೆ.

ಚೌಕಾಸಿ ಬಿಟ್ಟು ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಋಣ ತೀರಿತು ಎಂದುಕೊಳ್ಳುವವರೂ ಇದ್ದಾರೆ. ವ್ಯಾಪಾರಿಗಳು ಕೇಳುತ್ತಿರುವುದು ದಾನವನ್ನಲ್ಲ. ಅವರಿಗೆ ಬೇಕಾದದ್ದು ನಾಳೆಯೂ ಅದೇ ಜಾಗದಲ್ಲಿ ಕೂರಬಹುದು ಎಂಬ ಭರವಸೆ, ಗಿರಾಕಿಗಳಿಂದ ಬೇಕಾದದ್ದು ಸಾಕ್ಷಿ. ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳಿಗೆ ಕನಿಷ್ಠ ಶೇಕಡಾ 40 ಸ್ಥಾನ, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರಿಗೆ. ಅದೇ ಸಮಿತಿಯಲ್ಲಿ ನಿವಾಸಿ ಸಂಘಗಳಿಗೂ ಕುರ್ಚಿಯಿದೆ. ಆ ಕುರ್ಚಿ ತುಂಬುವವರು ಕಾರಿನ ಮಾಲೀಕರಾಗಿ ಮಾತ್ರ ಮಾತಾಡುತ್ತಿದ್ದಾರೆಯೇ, ದಿನವೂ ಬೀದಿಯಲ್ಲಿ ಕೊಳ್ಳುವವರಾಗಿಯೂ ಮಾತಾಡುತ್ತಿದ್ದಾರೆಯೇ ಎಂಬುದು ಈಗಿನ ಪ್ರಶ್ನೆ. ‘ಈ ಜಾಗದಲ್ಲಿ ಇಷ್ಟು ವರ್ಷದಿಂದ ಕೊಳ್ಳುತ್ತಿದ್ದೇವೆ, ಇದು ಸಹಜ ಮಾರುಕಟ್ಟೆ’ ಎಂದು ನೂರು ಮನೆಯವರು ಬರೆದುಕೊಟ್ಟರೆ ಅದಕ್ಕೆ ವಾರ್ಡ್ ಕಚೇರಿಯಲ್ಲಿ ಬೆಲೆಯಿದೆ. ಲಾರಿ ಬಂದಾಗ ಪಕ್ಕದಲ್ಲಿ ನಿಂತ ಗಿರಾಕಿ ‘ವಶಪಡಿಸಿಕೊಂಡ ಸರಕಿನ ಪಟ್ಟಿ ಎಲ್ಲಿ?’ ಎಂದು ಕೇಳಿದರೆ ಅದಕ್ಕೂ ಬೆಲೆಯಿದೆ, ಏಕೆಂದರೆ ಅದೇ ಪ್ರಶ್ನೆಯನ್ನು ವ್ಯಾಪಾರಿ ಕೇಳಿದರೆ ಬುಟ್ಟಿಯ ಜೊತೆ ತಕ್ಕಡಿಯೂ ಹೋಗುತ್ತದೆ.

ಇಷ್ಟೂ ಆಗದಿದ್ದರೆ, ಮುಂದಿನ ಸಭೆಯಲ್ಲಿ ಅರ್ಜಿ ಕೈಯಿಂದ ಕೈಗೆ ಬರುವಾಗ ಸಹಿ ಹಾಕದೆ ಮುಂದೆ ದಾಟಿಸುವುದಾದರೂ ಆಗಬೇಕು. ಹಾಕಿಯೇ ತೀರಬೇಕು ಎನ್ನುವವರು ಇನ್ನೊಂದು ಸಾಲು ಸೇರಿಸಿ ಹಾಕಲಿ: ಮೇಲ್ಕಂಡ ಒತ್ತುವರಿಯಲ್ಲಿ ದಿನವೂ ಬೆಳಿಗ್ಗೆ ತಾವೂ ಭಾಗಿಗಳು.