ಬ್ರೆಜಿಲ್ ಆರ್ಡರ್ ಬಂತಂತೆ! ನಂಬರ್ ಕೇಳಿದ್ರಾ?

ಚನ್ನಪಟ್ಟಣದಲ್ಲಿ ಬೊಂಬೆ ಮಾಡೋ ನಮ್ಮ ಮಾವಂಗೆ ವಾಟ್ಸಾಪ್ ಮೆಸೇಜ್ ಬಂತು: ಬ್ರೆಜಿಲ್‌ಗೆ ದೊಡ್ಡ ಆರ್ಡರ್, ಮೊದಲು 40 ಸಾವಿರ ಕಟ್ಟಿ. ಮಾವ ಚೀಟಿ ದುಡ್ಡು ಎತ್ತೋಕೆ ರೆಡಿ.

‘ಅವರ ಸಿಎನ್‌ಪಿಜೆ ಕೇಳಿ ಮಾವ’ ಅಂದೆ. ಅಲ್ಲಿನ ಕಂಪನಿಗಳಿಗೆ ಇರೋ ನೋಂದಣಿ ಸಂಖ್ಯೆ ಅದು. ಅವರ ತೆರಿಗೆ ಇಲಾಖೆ ಸೈಟಲ್ಲಿ ಯಾರು ಬೇಕಾದ್ರೂ ನೋಡಬಹುದು. ಕೇಳಿದ್ಮೇಲೆ ಆ ಕಡೆ ಸದ್ದೇ ಇಲ್ಲ.

ಇನ್ನೆರಡು ವಿಷಯ. ಬ್ರೆಜಿಲ್‌ನಲ್ಲಿ ಮಕ್ಕಳ ಆಟಿಕೆ ಮಾರೋಕೆ ಇನ್‌ಮೆಟ್ರೋ ಮುದ್ರೆ ಕಡ್ಡಾಯ; ಅದರ ಮಾತೇ ಎತ್ತದ ಖರೀದಿದಾರನ ಮೇಲೆ ಅನುಮಾನ ಇರ್ಲಿ. ಆಟಿಕೆ ಆಮದು ಎಷ್ಟು ಅಂತ ಅಲ್ಲಿನ ಸರ್ಕಾರದ ಕಾಮೆಕ್ಸ್ ಸ್ಟಾಟ್‌ನಲ್ಲಿ ಪುಕ್ಕಟೆ ಸಿಗುತ್ತೆ, ಇಂಗ್ಲಿಷಲ್ಲೂ ಇದೆ. ಕೋಡ್ 9503.

ಬಿಕಾಂ ಓದೋದು ಬರೀ ಪರೀಕ್ಷೆಗಲ್ಲ ಕಣ್ರೋ. ದುಡ್ಡು ಕಟ್ಟೋ ಮುಂಚೆ ಮನೆಯವರ ಪಕ್ಕ ಹತ್ತು ನಿಮಿಷ ಕೂತು ಹುಡುಕಿ.

ನಿಮ್ಮನೆಗೂ ಇಂಥ ಮೆಸೇಜ್ ಬಂದಿದ್ಯಾ? ಕಾಮೆಂಟ್ ಹಾಕಿ.