ಒಲೆ ಎರಡು, ಲೈನು ಒಂದು

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚ್ಕೋತಾರೆ, ಪಾತ್ರೆಪಡಗ ಹಂಚ್ಕೋತಾರೆ, ದನಕರು ಹಂಚ್ಕೋತಾರೆ. ಬಾವಿಯನ್ನು ಮಾತ್ರ ಹಂಚೋಕಾಗಲ್ಲ. ಅದಕ್ಕೇ ಪಾರೀಕತ್ತಿನಲ್ಲಿ ಬಾವಿಗೆ ಅಂತಲೇ ಒಂದು ಸಾಲು ಬರೀತಾರೆ: ನೀರು ಇಬ್ಬರಿಗೂ ಸೇರಿದ್ದು, ಸರದಿ ಪ್ರಕಾರ ಹಾಯಿಸ್ಕೋಬೇಕು, ಮೋಟಾರ್ ರಿಪೇರಿ ಖರ್ಚು ಸಮಪಾಲು. ಈಗ ಅದರ ಕೆಳಗೆ ಇಂಟರ್‌ನೆಟ್ ಲೈನಿಗೂ ಒಂದು ಸಾಲು ಬೇಕಾಗೋ ಕಾಲ ಬಂದಿದೆ.

ಹನೂರು ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಲ್ಲ. ಎರಡು ವರ್ಷದ ಹಿಂದೆ ಮನೆ ಪಾಲಾಗಿ ಹಜಾರದ ನಡುವೆ ಗೋಡೆ ಎದ್ದಿದೆ. ಮುಂದಿನ ಭಾಗ ಬಾವನವರದ್ದು, ಹಿಂದಿನ ಭಾಗ ಇವರದ್ದು. ಬಾವನವರ ಮನೆಗೆ ಫೈಬರ್ ಲೈನ್ ಬಂದಿದೆ. ಅಲ್ಲೊಂದು ಕಂಪ್ಯೂಟರ್, ಅಂಗಡಿ ಜಿಎಸ್‌ಟಿ ಲೆಕ್ಕಕ್ಕೆ ಮತ್ತು ಮಕ್ಕಳ ಓದಿಗೆ. ಈಗ ಇವರಿಗೆ ಬೆಂಗಳೂರಿನ ಆಫೀಸೊಂದರಲ್ಲಿ ಮನೆಯಿಂದಲೇ ಮಾಡೋ ಕೆಲಸ ಸಿಕ್ಕಿದೆ. ಲ್ಯಾಪ್‌ಟಾಪ್ ಆಫೀಸಿನವರೇ ಕಳಿಸಿದ್ದಾರೆ. ಮೂರು ತಿಂಗಳು ಪರೀಕ್ಷೆ, ಆಮೇಲೆ ಕಾಯಂ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಆ ದಿನದ ಡೇಟಾ ಖಾಲಿ. ಮೀಟಿಂಗಿನ ನಡುವೆ ಎರಡು ಸಲ ಮಾತು ಕಟ್ಟಾಗಿ, ಮೇಲಿನವರು ‘ನೆಟ್ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಕಷ್ಟ’ ಅಂದಿದ್ದಾರಂತೆ.

ಪತ್ರದ ಮುಂದಿನ ಸಾಲುಗಳನ್ನು ಅವರ ಮಾತಲ್ಲೇ ಕೊಡ್ತೀನಿ. “ಬಾವನೋರು ನಮ್ ಲೈನಲ್ಲೇ ಮಾಡ್ಕೊಳವ್ವ ಅಂತಾರೆ. ಅಕ್ಕನೋರು ಮಾತ್ರ, ನೀವೂ ಸೇರ್ಕೊಂಡ್ರೆ ನಮ್ ಮಕ್ಕಳ ಕ್ಲಾಸಿಗೆ ಸ್ಪೀಡ್ ಕಮ್ಮಿ ಆಗಲ್ವಾ ಅಂತ ಕೇಳ್ತಾರೆ. ಬೇರೆ ಲೈನ್ ಹಾಕಿಸಾಣ ಅಂದ್ರೆ ತಿಂಗಳಿಗೆ ಐನೂರು. ಕೆಲಸ ಉಳೀತದೋ ಇಲ್ವೋ ಗೊತ್ತಿಲ್ಲ. ಏನ್ ಮಾಡ್ಲಿ?”

ತಂಗ್ಯವ್ವ, ಮೊದಲು ನಿಮ್ಮ ಅಕ್ಕನವರ ಪ್ರಶ್ನೆಗೇ ಉತ್ತರ ಹೇಳ್ಬೇಕು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಓರಗಿತ್ತಿ ಅಂದ ಕೂಡ್ಲೆ ಹೊಟ್ಟೆಕಿಚ್ಚು ಅಂತ ಅರ್ಥ ಮಾಡ್ಕೋಬೇಡಿ. ಒಂದು ಕಾಲದಲ್ಲಿ ಆ ಭಯ ಪೂರ್ತಿ ನಿಜವಾಗಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಶುರು ಮಾಡಿದಾಗ ಫೋನಿನ ತಾಮ್ರದ ತಂತಿಯಲ್ಲೇ ಇಂಟರ್‌ನೆಟ್ ಬರ್ತಿತ್ತು, ವೇಗ 256 ಕೆಬಿಪಿಎಸ್. ಅದನ್ನು ಎಂಟರಿಂದ ಭಾಗಿಸಿದ್ರೆ ಸೆಕೆಂಡಿಗೆ 32 ಕಿಲೋಬೈಟ್. ಐದು ಎಂಬಿಯ ಒಂದು ಹಾಡು ಇಳಿಯೋಕೆ ಎರಡೂಮುಕ್ಕಾಲು ನಿಮಿಷ. ಅದರಲ್ಲಿ ಇನ್ನೊಂದು ಕಂಪ್ಯೂಟರ್ ಕೈ ಹಾಕಿದ್ರೆ ಇಬ್ಬರಿಗೂ ಉಪವಾಸವೇ. ಡೇಟಾಗೂ ಮಿತಿ. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಲೆಕ್ಕವಿಲ್ಲದ ಪ್ಲಾನ್ ಹಾಕಿಸ್ಕೊಂಡು, ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗ್ತಿದ್ದ ಹುಡುಗರು ಈಗ ನಲವತ್ತರ ಆಸುಪಾಸಿನ ಅಪ್ಪಂದಿರು.

ಆಗ ಹಂಚಿಕೊಳ್ಳೋ ರೀತಿಯೇ ಬೇರೆ. ಮೋಡೆಮ್‌ನಿಂದ ಒಂದೇ ಕಂಪ್ಯೂಟರಿಗೆ ತಂತಿ. ಎರಡನೆಯದಕ್ಕೆ ಬೇಕಂದ್ರೆ ಮೊದಲನೆಯದರೊಳಗೆ ಇನ್ನೊಂದು ಲ್ಯಾನ್ ಕಾರ್ಡ್ ಹಾಕಿಸಿ, ನಡುವೆ ಕ್ರಾಸ್‌ಓವರ್ ಕೇಬಲ್ ಎಳೆದು, ವಿಂಡೋಸ್‌ನಲ್ಲಿ ಕನೆಕ್ಷನ್ ಶೇರಿಂಗ್ ಅನ್ನೋದನ್ನು ಆನ್ ಮಾಡಬೇಕಿತ್ತು. 1999ರ ವಿಂಡೋಸ್ 98 ಸೆಕೆಂಡ್ ಎಡಿಷನ್‌ನಿಂದ ಆ ಸೌಲಭ್ಯ ಇತ್ತು. ತೊಂದರೆ ಏನಂದ್ರೆ ಮೊದಲ ಕಂಪ್ಯೂಟರ್ ಆಫ್ ಆದ್ರೆ ಎರಡನೆಯದಕ್ಕೂ ನೆಟ್ ಇಲ್ಲ. ಅಣ್ಣ ಮುನಿಸಿಕೊಂಡು ಸ್ವಿಚ್ ಆರಿಸಿದ್ರೆ ತಮ್ಮನಿಗೂ ಕತ್ತಲು! ಆಮೇಲೆ ರೌಟರ್ ಬಂತು, ಆ ಜಗಳ ಮುಗೀತು.

ರೌಟರ್ ಅಂದ್ರೆ ಮನೆಯ ನೀರುಗಂಟಿ. ಕೆರೆಯ ತೂಬೆತ್ತಿದಾಗ ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡ್ಕೊಳ್ಳೋನು ನೀರುಗಂಟಿ ಅಲ್ವಾ? ಹೊರಗಿನಿಂದ ಬರೋ ಲೈನ್ ಒಂದೇ, ಹೊರಗಿನವರಿಗೆ ಕಾಣೋ ವಿಳಾಸವೂ ಒಂದೇ. ಒಳಗೆ ರೌಟರ್ ಪ್ರತಿ ಕಂಪ್ಯೂಟರಿಗೂ ಒಂದೊಂದು ಒಳನಂಬರ್ ಕೊಡುತ್ತೆ, 192.168.1.2, 192.168.1.3 ಅಂತ. ಯಾರು ಏನು ಕೇಳಿದ್ರು ಅನ್ನೋದನ್ನು ನೆನಪಿಟ್ಕೊಂಡು, ಬಂದ ಉತ್ತರವನ್ನು ಅವರವರಿಗೇ ತಲುಪಿಸುತ್ತೆ. ಗದ್ದೆಗೆ ಸರದಿ ಗಂಟೆಗಟ್ಟಲೆ. ಇಲ್ಲಿ ಸರದಿ ಕಣ್ಣು ಮಿಟುಕಿಸೋದ್ರೊಳಗೆ ಎಷ್ಟೋ ಸಲ ಬಂದು ಹೋಗಿರುತ್ತೆ. ನೀವು ಒಂದು ಪುಟ ತೆರೆದು ಓದ್ತಾ ಕೂತಷ್ಟು ಹೊತ್ತು ನಿಮ್ಮ ಕಾಲುವೆ ಖಾಲಿ, ಆ ನೀರೆಲ್ಲ ಪಕ್ಕದವರದ್ದೇ.

ಲೆಕ್ಕ ನೋಡಿ. ಬಾವನವರ ಪ್ಲಾನ್ 30 ಎಂಬಿಪಿಎಸ್ ಅಂತ ಬರೆದಿದ್ದೀರಿ. ನಿಮ್ಮ ವಿಡಿಯೋ ಮೀಟಿಂಗಿಗೆ ಮೂರು ಸಾಕು. ಮಕ್ಕಳ ಕ್ಲಾಸಿಗೆ ಇನ್ನೊಂದು ಮೂರು. ಅದೇ ಹೊತ್ತಿಗೆ ಹಜಾರದಲ್ಲಿ ಟಿವಿಯಲ್ಲಿ ಎಚ್‌ಡಿ ಸಿನಿಮಾ ಓಡ್ತಿದ್ರೆ ಐದು. ಒಟ್ಟು ಹನ್ನೊಂದು. ಹತ್ತೊಂಬತ್ತು ಇನ್ನೂ ಮಿಕ್ಕಿದೆ. ತಿಂಗಳ ಮಿತಿಯೂ ಈಗ ಫೈಬರ್‌ನಲ್ಲಿ ಸಾಮಾನ್ಯವಾಗಿ ಸಾವಿರ ಜಿಬಿಗಿಂತ ಮೇಲೆ. ನೀವು ದಿನಕ್ಕೆ ಎರಡು ಗಂಟೆ ಮೀಟಿಂಗ್ ಮಾಡಿ, ಉಳಿದ ಹೊತ್ತು ಕೆಲಸ ಮಾಡಿದ್ರೆ ದಿನಕ್ಕೆ ಮೂರು ಜಿಬಿ ಅಂತ ಇಟ್ಕೊಳ್ಳಿ, ತಿಂಗಳಿಗೆ ಎಂಬತ್ತರ ಒಳಗೇ ನಿಲ್ಲುತ್ತೆ. ಇದನ್ನು ಅಕ್ಕನವರ ಮುಂದೆ ಕಾಗದದಲ್ಲಿ ಬರೆದೇ ತೋರಿಸಿ. ಬಾಯಿಮಾತಿಗಿಂತ ಅದು ವಾಸಿ.

ಹಾಗಾದ್ರೆ ಎಷ್ಟೋ ಮನೆಗಳಲ್ಲಿ ‘ಅವನು ಆನ್ ಮಾಡಿದ್ರೆ ನನ್ನದು ನಿಂತೋಗುತ್ತೆ’ ಅನ್ನೋ ಗಲಾಟೆ ಯಾಕೆ? ಬಹುಪಾಲು ಲೈನಿನ ತಪ್ಪಲ್ಲ, ವೈಫೈದು. ಒಂದೂವರೆ ಅಡಿ ದಪ್ಪದ ಹಳೆ ಗೋಡೆ, ಅದಕ್ಕೊರಗಿದ ಕಬ್ಬಿಣದ ಬೀರು, ಬೀರುವಿನ ಹಿಂದೆ ರೌಟರ್. ಸಿಗ್ನಲ್ ಎಲ್ಲಿಂದ ದಾಟ್ಬೇಕು? ರೌಟರ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆ ಇದ್ರೆ, 5ರದ್ದು ವೇಗ ಹೆಚ್ಚು, ಗೋಡೆ ದಾಟೋ ಶಕ್ತಿ ಕಡಿಮೆ. 2.4 ದೂರ ಹೋಗುತ್ತೆ, ನಿಧಾನ. ಇನ್ನೊಂದು ಕಾಣದ ಕಳ್ಳ ಫೋನು. ರಾತ್ರಿ ಮದುವೆಯಲ್ಲಿ ತೆಗೆದ ಇನ್ನೂರು ಫೋಟೋ, ವಿಡಿಯೋ ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿಯೇ ಮೇಲಕ್ಕೆ ಹೋಗೋಕೆ ಶುರುವಾದ್ರೆ ನಿಮ್ಮ ಮೀಟಿಂಗಿನ ಮಾತು ತೊದಲುತ್ತೆ. ಬ್ಯಾಕಪ್ ರಾತ್ರಿಗೆ ಇಡೋಕೆ ಹೇಳಿ.

ನಿಮ್ಮ ವಿಚಾರದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ವೈಫೈ ನಂಬ್ಬೇಡಿ, ತಂತಿ ಎಳೆಸಿ. ಕೆಲಸ ಯಾರ ಮೇಲೆ ನಿಂತಿದೆಯೋ ಅವರ ಕಂಪ್ಯೂಟರಿಗೆ ತಂತಿ, ಮಿಕ್ಕವರಿಗೆ ಗಾಳಿ. ಬಾವನವರ ರೌಟರ್‌ನ ಹಿಂದೆ ಲ್ಯಾನ್ ತೂತುಗಳಿರುತ್ತವೆ. ಅಲ್ಲಿಂದ ಕ್ಯಾಟ್-6 ಕೇಬಲ್ ನಿಮ್ಮ ಭಾಗಕ್ಕೆ ತರಬೇಕು. ನೂರು ಮೀಟರ್‌ವರೆಗೆ ಈ ಕೇಬಲ್ ಸರಿಯಾಗಿ ಕೆಲಸ ಮಾಡುತ್ತೆ, ನಿಮಗೆ ಹದಿನೈದು ಮೀಟರ್ ಸಾಕಾಗಬಹುದು. ನಡುಗೋಡೆಗೆ ಸಣ್ಣದೊಂದು ತೂತು ಹೊಡೆಸಬೇಕು. ತುದಿಯ ಪ್ಲಗ್ ಆಮೇಲೆ ಹಾಕಿಸಿದ್ರೆ ತೂತು ಕಿರುಬೆರಳಿಗಿಂತ ದೊಡ್ಡದಾಗಲ್ಲ. ಇದನ್ನು ಬಾವನವರನ್ನು ಕೇಳಿಯೇ ಮಾಡಿ, ಅತ್ತೆ ಇದ್ರೆ ಅವರನ್ನೂ ಕೇಳಿ; ಎದ್ದ ಗೋಡೆಗೆ ತೂತು ಅನ್ನೋದು ಬರೀ ಎಲೆಕ್ಟ್ರಿಷಿಯನ್ ಕೆಲಸ ಅಲ್ಲ. ಕರೆಂಟ್ ವೈರಿನ ಪೈಪಿನಲ್ಲೇ ಈ ಕೇಬಲ್ ತೂರಿಸೋಕೆ ಬಿಡಬೇಡಿ.

ಆ ಕೇಬಲ್ಲನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಬಹುದು. ಅದಕ್ಕಿಂತ ಒಳ್ಳೇದು, ನಿಮ್ಮದೇ ಒಂದು ಸಣ್ಣ ರೌಟರ್ ತಗೊಂಡು ಅದರ ‘ವ್ಯಾನ್’ ಅಂತ ಬರೆದಿರೋ ತೂತಿಗೆ ಹಾಕಿ. ಆಗ ನಿಮ್ಮ ಭಾಗಕ್ಕೆ ನಿಮ್ಮದೇ ವೈಫೈ ಹೆಸರು, ನಿಮ್ಮದೇ ಪಾಸ್‌ವರ್ಡ್. ಆಚೆ ಮನೆಯ ಮಕ್ಕಳ ಕಂಪ್ಯೂಟರಿಗೆ ನಿಮ್ಮ ಆಫೀಸಿನ ಲ್ಯಾಪ್‌ಟಾಪ್ ಕಾಣಲ್ಲ. ಒಂದೇ ಎಚ್ಚರ: ಎರಡೂ ರೌಟರ್ ಒಂದೇ ಒಳನಂಬರ್ ಸಾಲು ಹಂಚಿದ್ರೆ ಗೊಂದಲ. ಅವರದ್ದು 192.168.1ರಲ್ಲಿದ್ರೆ ನಿಮ್ಮದನ್ನು 192.168.0ಕ್ಕೆ ಇಡೋಕೆ ಹಾಕುವವನಿಗೆ ಹೇಳಿ. ಈ ಏರ್ಪಾಟಿನಲ್ಲಿ ನಿಮ್ಮ ಕಡೆಯಿಂದ ಅವರ ಸಾಧನಗಳು ಕಾಣೋ ಸಾಧ್ಯತೆ ಇರುತ್ತೆ, ಅದನ್ನೂ ಬಾವನವರಿಗೆ ಮುಚ್ಚಿಡದೆ ತಿಳಿಸಿ. ಇನ್ನು ಆಫೀಸಿನವರನ್ನೂ ಒಂದು ಮಾತು ಕೇಳಿ, ಹಂಚಿಕೊಂಡ ಲೈನ್ ಅವರಿಗೆ ಒಪ್ಪಿಗೆಯೇ ಅಂತ.

ದುಡ್ಡಿನ ಮಾತಿಗೆ ಬರೋಣ. ₹500ರ ಪ್ಲಾನಿಗೆ ಶೇ. 18 ಜಿಎಸ್‌ಟಿ ಸೇರಿ ₹590 ಆಗುತ್ತೆ, ಅರ್ಧ ಅಂದ್ರೆ ₹295. ಇದನ್ನು ಕೊಟ್ಟೇ ಕೊಡಿ. ‘ಮನೆಯವರ ಹತ್ರ ಏನವ್ವ ದುಡ್ಡು’ ಅಂತ ಬಾವನವರು ಅಂದ್ರೂ ಕೊಡಿ. ಪುಕ್ಕಟೆ ತಗೊಂಡ ಲೈನ್ ಮೀಟಿಂಗ್ ಹೊತ್ತಿಗೆ ನಿಂತ್ರೆ ಕೇಳೋಕೆ ಬಾಯಿ ಬರಲ್ಲ, ದುಡ್ಡು ಕೊಟ್ಟಿದ್ರೆ ಬರುತ್ತೆ. ಯಾರದ್ದೋ ದಾಕ್ಷಿಣ್ಯದ ಮೇಲೆ ಹೆಣ್ಣುಮಕ್ಕಳ ಕೆಲಸ ನಿಂತಿರೋದನ್ನು ನಾನು ಕಂಡಿದ್ದೀನಿ. ಮೊದಲು ಕಟ್ಟಾಗೋದು ಅದೇ. ಹಾಗೇ ಲೈನ್ ಯಾರ ಹೆಸರಲ್ಲಿದೆಯೋ ಅದರಲ್ಲಿ ನಡೆಯೋದಕ್ಕೆಲ್ಲ ಜವಾಬ್ದಾರಿ ಅವರದ್ದೇ ಆಗುತ್ತೆ. ನಿಮ್ಮ ಮನೆಗೆ ಬಂದ ನೆಂಟರ ಹುಡುಗರಿಗೆಲ್ಲ ಪಾಸ್‌ವರ್ಡ್ ಹೇಳೋದು ಬೇಡ. ಅರ್ಜಿ ಫಾರಂನಲ್ಲಿ ಲೈನನ್ನು ಬೇರೆಯವರಿಗೆ ಮಾರುವಂತಿಲ್ಲ ಅನ್ನೋ ಷರತ್ತು ಸಾಮಾನ್ಯವಾಗಿ ಇರುತ್ತೆ, ಅದನ್ನೂ ಬಾವನವರ ಹತ್ತಿರ ಒಮ್ಮೆ ಓದಿಸಿ ನೋಡಿ. ಮೂರು ತಿಂಗಳು ಹೀಗೆ ನಡೆಸಿ. ಕೆಲಸ ಕಾಯಂ ಆದ ತಿಂಗಳೇ ನಿಮ್ಮ ಹೆಸರಲ್ಲಿ ಬೇರೆ ಲೈನ್ ಹಾಕಿಸ್ಕೊಳ್ಳಿ ಅಂತ ನನ್ನ ಸಲಹೆ. ಆ ಸಣ್ಣ ರೌಟರ್ ಆಗಲೂ ಕೆಲಸಕ್ಕೆ ಬರುತ್ತೆ.

ಕರೆಂಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು, ಪಕ್ಕದಲ್ಲೇ ಇರೋ ನಮಗೆ ಇವತ್ತಿಗೂ ಗಾಳಿ ಬೀಸಿದ್ರೆ ದೀಪ ಹೋಗುತ್ತೆ! ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೌಟರಿಗಿಲ್ಲ. ರೌಟರಿಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತೆ. ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪ್ ಅಂತ ಏನು ಬರೆದಿದೆಯೋ ಅದಕ್ಕೆ ಹೊಂದೋದನ್ನೇ ತಗೊಳ್ಳಿ. ಎರಡು ರೌಟರ್ ಅಂದ್ರೆ ಎರಡಕ್ಕೂ ಬೇಕು, ಮರೀಬೇಡಿ. ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ದೀಪ ಕೆಂಪಗೆ ಮಿಣುಕಿದ್ರೆ ಹೊರಗಡೆ ಎಲ್ಲೋ ಫೈಬರಿಗೆ ಪೆಟ್ಟಾಗಿದೆ ಅಂತ ತಿಳ್ಕೊಳ್ಳಿ. ಅದಕ್ಕೆ ರೌಟರ್ ಆಫ್ ಆನ್ ಮಾಡಿ ಪ್ರಯೋಜನವಿಲ್ಲ, ದೂರು ಕೊಡಬೇಕು.

ಇದನ್ನೇ ಓದಿ ಯಳಂದೂರಿನವರು ಯಾರಾದ್ರೂ ‘ನಮ್ಮಣ್ಣನ ಮನೆ ಬೀದಿಯಾಚೆ, ನಾವೂ ತಂತಿ ಎಳೀತೀವಿ’ ಅಂತ ಹೊರಡಬಹುದು. 1956ರ ನವೆಂಬರ್‌ವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆ, ಯಳಂದೂರು ಮೈಸೂರು. ಅಂಥ ಗಡಿಯನ್ನೇ ದಾಟಿ ಹೆಣ್ಣು ಕೊಟ್ಟು ತಂದವರು ನಾವು, ಬೀದಿ ಯಾವ ಲೆಕ್ಕ? ಆದ್ರೂ ಎರಡು ಬೇರೆ ಬೇರೆ ಕಟ್ಟಡಗಳ ನಡುವೆ ಮೇಲಿಂದ ಮೇಲೆ ತಾಮ್ರದ ಕೇಬಲ್ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಹತ್ತಿರದಲ್ಲಿ ಸಿಡಿಲು ಬಡಿದ್ರೆ ಆ ತಂತಿ ಹಿಡಿದು ಎರಡೂ ಮನೆಯ ಕಂಪ್ಯೂಟರ್ ಸುಡಬಹುದು. ಫೈಬರ್‌ನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯಲ್ಲ. ಬೀದಿ ದಾಟ್ಬೇಕಂದ್ರೆ ಬೇರೆ ಲೈನ್ ಹಾಕಿಸೋದೇ ಸರಿ.

ಇನ್ನು ಮಹದೇಶ್ವರ ಬೆಟ್ಟದ ಕಡೆ, ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಕಡೆ ಫೈಬರ್ ಬಾರದ ಮನೆಗಳಲ್ಲಿ ಮೊಬೈಲೇ ಗತಿ. ಅಂಥವರು ಎರಡು ಲ್ಯಾಪ್‌ಟಾಪ್ ಇದ್ರೆ ಫೋನನ್ನು ಸಿಗ್ನಲ್ ಸಿಗೋ ಕಿಟಕಿ ಹತ್ತಿರ ಇಟ್ಟು, ಚಾರ್ಜರ್ ಕೇಬಲ್ಲಿನಿಂದಲೇ ಒಂದು ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನ್ ಬಿಸಿಯಾಗೋದು ಹಾಟ್‌ಸ್ಪಾಟ್‌ಗಿಂತ ಕಡಿಮೆ, ಚಾರ್ಜೂ ಆಗ್ತಿರುತ್ತೆ. ಆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಅಥವಾ 11 ಇದ್ರೆ ‘ಮೊಬೈಲ್ ಹಾಟ್‌ಸ್ಪಾಟ್’ ಅಂತ ಒಂದು ಆಯ್ಕೆ ಇದೆ, ಅದರಿಂದ ಎರಡನೆಯದಕ್ಕೆ ಕೊಡಬಹುದು. ಎರಡರಲ್ಲೂ ಆ ಕನೆಕ್ಷನ್ನನ್ನು ‘ಮೀಟರ್ಡ್’ ಅಂತ ಗುರುತು ಮಾಡಿ. ಇಲ್ಲಾಂದ್ರೆ ವಿಂಡೋಸ್ ಅಪ್‌ಡೇಟ್ ಒಂದೇ ಸಲಕ್ಕೆ ಆ ದಿನದ ಡೇಟಾ ನುಂಗಿ ಕೂತಿರುತ್ತೆ.