‘ಕೂಲಿ’: ಅರ್ಥಾಂತರ, ವ್ಯುತ್ಪತ್ತಿ ಮತ್ತು ನಿಘಂಟುಕಾರರ ಹೊಣೆ

ಕನ್ನಡದಲ್ಲಿ ‘ಕೂಲಿ’ ಎಂಬುದು ಮೂಲತಃ ಆಳಿನ ಹೆಸರಲ್ಲ, ದುಡಿಮೆಗೆ ಸಲ್ಲಬೇಕಾದ ಪ್ರತಿಫಲದ ಹೆಸರು. ‘ಕೂಲಿ ಬಾಕಿ’, ‘ದಿನಗೂಲಿ’, ‘ಕೂಲಿನಾಲಿ’ ಮೊದಲಾದ ಪ್ರಯೋಗಗಳೇ ಇದಕ್ಕೆ ಸಾಕ್ಷಿ. ದುಡಿಯುವವನನ್ನು ಸೂಚಿಸಬೇಕಾದಾಗ ಭಾಷೆಯು ‘ಕೂಲಿಯಾಳು’, ‘ಕೂಲಿಕಾರ’ ಎಂದು ಇನ್ನೊಂದು ಅಂಶವನ್ನು ಸೇರಿಸಿಕೊಳ್ಳುತ್ತದೆ. ಆದರೆ ಇತ್ತೀಚಿನ ಬರವಣಿಗೆಯಲ್ಲಿ ‘ಕೂಲಿಗಳು’ ಎಂದು ಮನುಷ್ಯರನ್ನೇ ಕರೆಯುವ ರೂಢಿ ಬಲಿಯುತ್ತಿದೆ. ಇದು ಕನ್ನಡದ ಸಹಜ ಬೆಳವಣಿಗೆಯೆನ್ನುವುದು ಕಷ್ಟ.

ಈ ಪದದ ಅಧ್ಯಯನಕ್ಕೆ ಭದ್ರಾವತಿಗಿಂತ ಯೋಗ್ಯವಾದ ಕ್ಷೇತ್ರ ವಿರಳ. 1918ರಲ್ಲಿ ಸ್ಥಾಪನೆಗೊಂಡ ಕಬ್ಬಿಣದ ಕಾರ್ಖಾನೆಯ ಸುತ್ತ ತಮಿಳು, ತೆಲುಗು, ಮಲಯಾಳಂ, ಉರ್ದು ಮಾತೃಭಾಷೆಯವರು ನೆಲೆಸಿದರು. ತಮಿಳಿನಲ್ಲಿಯೂ ಕೂಲಿಯೆಂದರೆ ಸಂಬಳವೇ. ಹಣಕ್ಕಾಗಿ ಹೊಡೆಯುವ ಗುಂಪು ಅಲ್ಲಿ ‘ಕೂಲಿಪ್ಪಡೈ’. ಮಲಯಾಳಂನಲ್ಲಿ ಸರಕನ್ನು ಮುಟ್ಟದೆ ಬರಿದೇ ನೋಡಿದ್ದಕ್ಕೆ ಕೇಳುವ ಹಣವೂ ‘ನೋಕ್ಕುಕೂಲಿ’ ಎನಿಸಿ, 2018ರಲ್ಲಿ ಕೇರಳ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ತೆಲುಗಿನಲ್ಲಿ ಪ್ರತಿಫಲದ ಅರ್ಥದ ಜೊತೆಗೆ ‘ಕುಸಿದು’ ಎಂಬರ್ಥದ ಕ್ರಿಯಾರೂಪವೂ ಇದೇ ಉಚ್ಚಾರದ್ದು. ಹತ್ತಿರದ ತುಳುವಿನಲ್ಲಂತೂ ಕೂಲಿಯೆಂದರೆ ಹಲ್ಲು ಕೂಡ ಹೌದು. ಧ್ವನಿಸಾಮ್ಯವೇ ಬಂಧುತ್ವವಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇದೇ ಎಚ್ಚರ ವ್ಯುತ್ಪತ್ತಿಯ ವಿಚಾರದಲ್ಲಿಯೂ ಅಗತ್ಯ. ‘ಕೂಳಿಗಾಗಿ ಮಾಡುವುದು ಕೂಲಿ’ ಎಂಬ ಜನಪ್ರಿಯ ನಿಷ್ಪತ್ತಿ ಕೇಳಲು ಹಿತವಾಗಿದೆ, ನಿಲ್ಲುವುದಿಲ್ಲ. ಕೂಳು ಹಳಗನ್ನಡದ ‘ಕೂೞ್’. ಅದರ ೞಕಾರ ತಮಿಳಿನಲ್ಲಿ ಇಂದಿಗೂ ಉಳಿದಿದೆ. ಕೂಲಿಯಲ್ಲಿರುವುದು ಲಕಾರ. ಧಾನ್ಯವೆಂಬ ಅರ್ಥದ ತಮಿಳಿನ ‘ಕೂಲಂ’ ಪದವನ್ನು ಇದರ ಜೊತೆಗಿಟ್ಟು ನೋಡುವುದು ಹೆಚ್ಚು ಫಲಕಾರಿಯಾದೀತು. ಯೂಲ್ ಮತ್ತು ಬರ್ನೆಲ್ 1886ರ ತಮ್ಮ ಕೋಶದಲ್ಲಿ ಗುಜರಾತಿನ ‘ಕೋಲಿ’ ಸಮುದಾಯದ ಹೆಸರಿಗೆ ಪ್ರಾಶಸ್ತ್ಯ ನೀಡಿ, ತಮಿಳಿನ ಕೂಲಿಯನ್ನೂ ಗುಲಾಮನೆಂಬ ಅರ್ಥದ ತುರ್ಕಿ ಪದವನ್ನೂ ಪ್ರಸ್ತಾಪಿಸುತ್ತಾರೆ. ಮುಹಮ್ಮದ್ ಕುಲಿ ಕುತುಬ್ ಷಾನ ಹೆಸರಿನಲ್ಲಿರುವುದು ಆ ತುರ್ಕಿ ಮೂಲದ ಪದ. ಉರ್ದುವಿನಲ್ಲಿ ಹೊರೆಯಾಳನ್ನು ಸೂಚಿಸುವ ಪದದ ಬರವಣಿಗೆಯೂ ಅದೇ. ಇಂಗ್ಲಿಷ್ ಪದಕ್ಕೆ ಮೂಲ ಯಾವುದೇ ಆಗಿರಲಿ, ದ್ರಾವಿಡ ಭಾಷೆಗಳ ಕೂಲಿಗೆ ಅದನ್ನು ಅಂಟಿಸುವುದು ಸಲ್ಲದು.

ಅರ್ಥಪಲ್ಲಟವು ಪೂರ್ಣಗೊಂಡದ್ದು ಕಡಲಾಚೆ. 1834ರಿಂದ ಮಾರಿಷಸ್‌ಗೂ 1860ರಿಂದ ನೇಟಾಲ್‌ಗೂ ಕರಾರಿನ ಮೇಲೆ ಸಾಗಿಸಲ್ಪಟ್ಟವರಿಗೆ ‘ಕೂಲಿ’ ಎಂಬುದೇ ಜಾತಿ, ವರ್ಣ, ಹೆಸರು ಎಲ್ಲವೂ ಆಯಿತು. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರೂ ‘ಕೂಲಿ ಬ್ಯಾರಿಸ್ಟರ್’ ಆದರು. ಚೀನಿಯರು ಇದೇ ಧ್ವನಿಗೆ ‘ಕಹಿ’ ಮತ್ತು ‘ಬಲ’ ಎಂಬರ್ಥದ ಎರಡು ಲಿಪಿಚಿಹ್ನೆಗಳನ್ನು ಹೊಂದಿಸಿ ‘ಕುಲಿ’ ಎಂದರು. 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮಾರಿಷಸ್‌ನ ಆಪ್ರವಾಸಿ ಘಾಟ್‌ಗೆ ಹಿಂದಿದ್ದ ಹೆಸರು ಕೂಲಿ ಘಾಟ್.

ಹೀಗೆ ಅವಮಾನ ಹೊತ್ತು ಮರಳಿದ ಪದವನ್ನು ಕಂಡು ನಮ್ಮವರೇ ನಾಚುತ್ತಿದ್ದಾರೆ. 2016ರ ರೈಲ್ವೆ ಬಜೆಟ್ ನಿಲ್ದಾಣಗಳ ಕೂಲಿಯನ್ನು ‘ಸಹಾಯಕ’ ಎಂದು ಕರೆಯಿತು. ಮನುಷ್ಯನನ್ನು ಕೂಲಿಯೆನ್ನದಿರುವುದು ಸರಿಯೇ. ಆದರೆ ಪ್ರತಿಫಲದ ಅರ್ಥದಲ್ಲಿಯೂ ಅದನ್ನು ಕೈಬಿಟ್ಟರೆ ನಷ್ಟ ಬೇರೆಯದೇ. ಅಂಗನವಾಡಿ ಕಾರ್ಯಕರ್ತೆಯರಿಗೂ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೂ ಸಲ್ಲುವುದು ‘ಗೌರವಧನ’. ಕೂಲಿಯನ್ನು ಹಕ್ಕಿನಿಂದ ಕೇಳಬಹುದು. ಗೌರವಧನದಲ್ಲಿ ಕೊಡುವವರ ಔದಾರ್ಯದ ಧ್ವನಿಯಿದೆ. ಘನತೆಯ ಪದವೆನಿಸಿದ ‘ಸಂಬಳ’ವಾದರೂ ಸಂಸ್ಕೃತದ ‘ಶಂಬಲ’, ಅಂದರೆ ದಾರಿಬುತ್ತಿ.

ನಿಘಂಟುಗಳು ‘ಕೂಲಿ’ಗೆ ಪ್ರತಿಫಲವೆಂಬ ಅರ್ಥವನ್ನೇ ಮೊದಲು ಕೊಟ್ಟು, ವ್ಯಕ್ತಿಸೂಚಕ ಅರ್ಥವನ್ನು ವಸಾಹತು ಕಾಲದ ಬಳಕೆಯೆಂದು ಪ್ರತ್ಯೇಕವಾಗಿ ಗುರುತಿಸಬೇಕು. ಅದಕ್ಕೆ ಬೇಕಾದ ಆಡುಮಾತಿನ ಆಕರಗಳು ಭದ್ರಾವತಿಯ ಕಾರ್ಮಿಕ ವಸತಿಗಳಲ್ಲಿವೆ, ಅಳತೆಯ ಲೆಕ್ಕದಲ್ಲಿ ಅಡಿಕೆ ಸುಲಿಯುವ ಹೆಣ್ಣುಮಕ್ಕಳ ಮಾತಿನಲ್ಲಿವೆ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ‘ಹಮಾಲಿ’ಯೆಂದರೆ ಹೊರುವವನೂ ಹೌದು, ಹೊತ್ತದ್ದಕ್ಕೆ ಸಲ್ಲುವ ಹಣವೂ ಹೌದು. ಅರಬ್ಬಿ ಮೂಲದ ಆ ಪದವನ್ನು ಕೂಲಿಯೊಡನೆ ತೌಲನಿಕವಾಗಿ ಪರಿಶೀಲಿಸುವ ಕೆಲಸ ಅಲ್ಲಿಂದಲೇ ಆರಂಭವಾಗಬಹುದು.